ಗೆದ್ದವನಿಗೆ ಓಟೇಕೆ?

ಬರೆದದ್ದನ್ನೆಲ್ಲ ನಂಬುವ ಕಾಯಿಲೆ ನನಗೆ ಚಿಕ್ಕಂದಿನಿಂದಲೂ ಇದೆ. ಕ್ಯಾಲೆಂಡರಿನ ಹಿಂಬದಿಯ ರಾಶಿಫಲದಿಂದ ಹಿಡಿದು ಮಂಡಕ್ಕಿ ಪೊಟ್ಟಣದ ಹಳೇ ಪೇಪರಿನವರೆಗೆ ಯಾವುದನ್ನೂ ಅನುಮಾನಿಸಿದವನಲ್ಲ. ಹೀಗಿರುವಾಗ ನನ್ನ ಬಗ್ಗೆಯೇ ಒಳ್ಳೆಯದು ಬರೆದರೆ ನಂಬದಿರುವುದುಂಟೆ?

ಚಳ್ಳಕೆರೆಯಲ್ಲಿ ಎಣ್ಣೆ ಅಂಗಡಿ ಇಟ್ಟಿರುವ ನಾನು ನಮ್ಮೂರು ನನ್ನಿವಾಳದಲ್ಲಿ ಪಂಚಾಯಿತಿ ಚುನಾವಣೆಗೆ ನಿಂತೆ. ಎದುರಾಳಿ ಕುರಿ ವ್ಯಾಪಾರದ ತಿಪ್ಪೇಶ. ನನ್ನ ಪಕ್ಕದ ಅಂಗಡಿಯ ಮೆಕ್ಯಾನಿಕ್ ರಫೀಕ ಬೈಕು ರಿಪೇರಿಯ ನಡುವೆ ಒಂದು ಸುದ್ದಿ ಬ್ಲಾಗನ್ನೂ ನಡೆಸುತ್ತಾನೆ. ಗ್ರೀಸು ಮೆತ್ತಿದ ಬೆರಳಲ್ಲೇ ಸರ್ಕಾರಗಳನ್ನು ಬೀಳಿಸುವ ಗಟ್ಟಿಗ. ನಮ್ಮೂರಲ್ಲಿ ಸಮೀಕ್ಷೆ ಮಾಡಪ್ಪ ಎಂದೆ. ಅಂಗಡಿ ಬಿಟ್ಟು ಹೋಗುವುದು ಹೇಗೆಂದು ಅವನು ನನ್ನೊಬ್ಬನನ್ನೇ ಕೇಳಿ ಮುಗಿಸಿದ. ಯಾರು ಗೆಲ್ಲುತ್ತಾರೆಂದು ನನಗನ್ನಿಸಿತೋ ಅದನ್ನು ಸಂಕೋಚವಿಲ್ಲದೆ ಹೇಳಿದೆ. ಸಂಜೆಯೊಳಗೆ ನನ್ನ ಫೋಟೋದ ಕೆಳಗೆ "ಗೆಲುವು ಖಚಿತ, ತಿಪ್ಪೇಶನ ಠೇವಣಿಯೂ ಡೌಟು" ಎಂದು ಬಂತು. ಊರಿನ ಎಲ್ಲ ವಾಟ್ಸಾಪ್ ಗುಂಪುಗಳಿಗೂ ನಾನೇ ಕಳಿಸಿದೆ. ಪ್ರಮಾಣವಚನಕ್ಕೆಂದು ಹೆಂಡತಿಯ ಮೊಳಕಾಲ್ಮೂರು ಸೀರೆ ಬೀರುವಿನಿಂದ ಹೊರಬಂತು.

ಎಣಿಕೆಯ ದಿನ ತಿಪ್ಪೇಶ ಗೆದ್ದ. ತನಗೇ ನಂಬಿಕೆ ಬರದೆ, ಇನ್ನೊಂದು ಸಲ ಎಣಿಸಿ ಸಾರ್ ಎಂದನಂತೆ ಪುಣ್ಯಾತ್ಮ.

ಮನೆ ಕಡೆ ಬರುತ್ತಿದ್ದೆ. ನನ್ನನ್ನು ಎತ್ತಿ ಆಡಿಸಿದ ದೊಡ್ಡವ್ವ ಜಗಲಿಯಿಂದಲೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ನೀನು ಗೆದ್ದಾಗೈತೆ ಅಂತ ಮೊಬೈಲ್‌ನಾಗೆ ಓದಿ ಹೇಳಿದ್ರಪ್ಪ. ಗೆದ್ದೋನಿಗೆ ಓಟು ಯಾಕೆ? ತಿಪ್ಪೇಶಂಗೆ ಒಂದೂ ಬೀಳ್ಲಿಲ್ಲ ಅಂದ್ರೆ ಊರಾಗೆ ಹೆಂಗೆ ತಿರುಗಾಡ್ತಾನೆ ಪಾಪ, ಅಂತ ಅವನಿಗೇ ಒತ್ತಿ ಬಂದೆ."

ಈ 'ಪಾಪ' ಊರಿನ ಬೀದಿಬೀದಿಗೂ ಹಬ್ಬಿತ್ತೆಂದು ಆಮೇಲೆ ತಿಳಿಯಿತು. ನನ್ನ ಖಾಸಾ ಬೆಂಬಲಿಗರೇ ಅವನ ಮಾನ ಕಾಪಾಡಿದ್ದರು. ನಮ್ಮೂರಿನವರ ಕರುಣೆಯ ಮೇಲೆ ಅವತ್ತು ನನಗೆ ಬಂದಷ್ಟು ಸಿಟ್ಟು ಯಾರ ದ್ವೇಷದ ಮೇಲೂ ಬಂದಿಲ್ಲ.

ಮನೆಯಲ್ಲಿ ಹೆಂಡತಿ ಸೀರೆ ಮಡಚುತ್ತಿದ್ದಳು. ನೀನಾದರೂ ನನಗೆ ಹಾಕಿದೆಯಾ ಎಂದು ಕೇಳಿದೆ. ಮಡಿಕೆ ಸರಿಮಾಡಿ ಸೀರೆಯನ್ನು ಬೀರುವಿನೊಳಗಿಟ್ಟಳು.

"ನೀವು ಸೋಲ್ತೀರಿ ಅಂತ ಗೊತ್ತಿದ್ರೆ ನಿಮಗೇ ಹಾಕ್ತಿದ್ದೆ ಕಣ್ರಿ."

ಮರುದಿನ ರಫೀಕನ ಬ್ಲಾಗಿನಲ್ಲಿ ಅದೇ ಫೋಟೋದ ಕೆಳಗೆ "ನಿರೀಕ್ಷಿತ ಸೋಲು: ನಾವು ಮೊದಲೇ ಹೇಳಿದ್ದೆವು" ಎಂದಿತ್ತು. ನನ್ನ ಸೋಲಿಗೆ ಕಾರಣಗಳನ್ನು ಬಲು ಚೆನ್ನಾಗಿ ಕೊಟ್ಟಿದ್ದ. ಓದುತ್ತ ಓದುತ್ತ ನನಗೂ ಹೌದೆನ್ನಿಸಿತು. ಊರಿನ ಎಲ್ಲ ಗುಂಪುಗಳಿಗೂ ಕಳಿಸಿಬಿಟ್ಟೆ.