ಕೌದಿಯೊಳಗೆ ಸೇರಿದ ಕೊನೆಯ ಹಾಳೆ

ಓದು ಬಾರದವರಿಗೆ ಓದು ಬಾರದು ಅನ್ನುವ ಒಂದೇ ಕಷ್ಟ. ಚೆನ್ನಾಗಿ ಓದಿದವರಿಗೆ ಅದೂ ಇಲ್ಲ. ನನ್ನ ಹಾಗೆ ಅರ್ಧಂಬರ್ಧ ಬಂದವರನ್ನು ಮಾತ್ರ ಮಾದಪ್ಪನೇ ಕಾಯಬೇಕು. ಹನೂರಿನಲ್ಲಿ ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬಿಡಿಸಿ ಎಮ್ಮೆ ಕಾಯಲು ಹಚ್ಚಿದ. ಒತ್ತಕ್ಷರದ ಪಾಠ ಅರ್ಧ ಆಗಿತ್ತು. ಆ ಎಮ್ಮೆ ಸತ್ತು ಎಷ್ಟೋ ಕಾಲವಾಯಿತು, ಒತ್ತಕ್ಷರ ಕಂಡರೆ ಇವತ್ತಿಗೂ ನಾನು ಹಳ್ಳಕ್ಕಿಳಿದ ಗಾಡಿಯಂತೆ ನಿಂತುಬಿಡುತ್ತೇನೆ. ಇಂಥ ನಾನು ಈ ವಯಸ್ಸಿನಲ್ಲಿ ಕಾದಂಬರಿ ಓದಲು ಹೋದೆ. ಹೋದವಳು ಸುಮ್ಮನೆ ಓದಿದೆನೇ? ಒಂದು ಜಗಳ ಮಾಡಿಕೊಂಡು, ಬೀಗರ ಮನೆಯಲ್ಲಿ ಮಾನ ಕಳೆದುಕೊಂಡು ಬಂದೆ.

ನಾನು ಕಾದಂಬರಿ ಬೇಕೆಂದು ಹೋದವಳಲ್ಲ. ಕೌದಿ ಹೊಲಿಯುವಾಗ ನೆಲಕ್ಕೆ ಹಾಸಲು ಹಳೆಯ ಪೇಪರು ಬೇಕಾಗಿತ್ತು. ನಮ್ಮ ಮಧುವನಹಳ್ಳಿಯ ಲೈಬ್ರರಿಗೆ ಹೋಗಿ ಕೇಳಿದರೆ ಅಲ್ಲಿನ ಹುಡುಗಿ, “ಪೇಪರ್ ಕೊಡಂಗಿಲ್ಲ ಕಣಜ್ಜಿ. ಬೇಕಾದ್ರೆ ಓದಕ್ಕೆ ಪುಸ್ತಕ ತಕಂಡೋಗು” ಅಂದಳು. ಬರಿಗೈಯಲ್ಲಿ ಬರುವ ಜಾಯಮಾನ ನನ್ನದಲ್ಲ. ತಂದೆ.

ಮೊಮ್ಮಗಳು ಸವಿತಾಳಿಗೆ ಚೊಚ್ಚಲು ಹೆರಿಗೆಯಾಗಿತ್ತು. ಚೊಚ್ಚಲು ಮಗುವಿನ ಕೌದಿ ತಾಯಿ ಕಡೆಯ ಹಿರಿಯ ಹೆಂಗಸಿನ ಕೈಯಿಂದ ಆಗಬೇಕು, ಅದೂ ಉಟ್ಟು ಸವೆದ ಸೀರೆಗಳಿಂದ. ಹೊಸ ಬಟ್ಟೆ ಎಷ್ಟು ಬೆಲೆಯದಾದರೂ ಎಳೆ ಮೈಗೆ ಚುಚ್ಚುತ್ತದೆ. ಮೇಲೆ ನನ್ನ ಸೀರೆ, ಕೆಳಗೆ ಮಗಳದು, ನಡುವಿನ ಪದರಕ್ಕೆ ನಮ್ಮತ್ತೆಯ ಹಳೆಯ ಸೀರೆ. ಬದುಕಿದ್ದಷ್ಟು ದಿನ ಆಕೆ ನನ್ನ ತಲೆ ಮೇಲೆ ಕೂತಿದ್ದಳು, ಇನ್ನಾದರೂ ಮಗುವಿನ ಕೆಳಗೆ ಮಲಗಿರಲಿ ಎಂದುಕೊಂಡೆ.

ಕೌದಿಯ ಆ ತುದಿಗೆ ಪಕ್ಕದ ಮನೆಯ ಪುಟ್ಟಮಾದಿ ಕೂರುತ್ತಾಳೆ. ನಾವಿಬ್ಬರೂ ಹೀಗೆ ಎದುರುಬದುರು ಕೂತು ಎಷ್ಟು ಕೌದಿ ಮುಗಿಸಿದ್ದೇವೋ ಲೆಕ್ಕವಿಲ್ಲ. ಅವಳಿಗೆ ಒಂದಕ್ಷರವೂ ಬಾರದು, ಹೊಲಿಗೆ ಮಾತ್ರ ಇರುವೆ ಸಾಲು. ಆದ್ದರಿಂದ ಒಪ್ಪಂದವಾಯಿತು: ನಾನು ಓದುವುದು, ಅವಳು ಹೊಲಿಯುವುದು. ಉಳಿದ ಹೊತ್ತಿನಲ್ಲಿ ನನ್ನ ತುದಿ ನಾನು ಹೊಲಿಯುವುದು. ದಿನಕ್ಕೆ ಎರಡು ಪುಟ ಸಾಗಿದರೆ ಅದೇ ಹೆಚ್ಚು.

ಪುಸ್ತಕದ ಕತೆ ಸಣ್ಣದು. ಒಬ್ಬ ಹೆಂಗಸು ಗಂಡನ ಮನೆ ಬಿಟ್ಟು ಹೋಗಲೋ ಬೇಡವೋ ಎಂದು ಮೊದಲಿನಿಂದ ಕೊನೆಯವರೆಗೆ ಯೋಚಿಸುತ್ತಾಳೆ. ನಮ್ಮ ಕಡೆ ಹೆಂಗಸರಿಗೆ ಇಷ್ಟು ಪುರುಸೊತ್ತಿಲ್ಲ. ಸಿಟ್ಟು ಬಂದರೆ ತವರಿಗೆ ಹೋಗುತ್ತಾರೆ, ಅತ್ತಿಗೆ ಮುಖ ಊದಿಸಿದರೆ ಮೂರನೇ ದಿನ ವಾಪಸು ಬರುತ್ತಾರೆ. ಆದರೆ ಪುಟ್ಟಮಾದಿಗೆ ಆ ಹೆಂಗಸು ಅಂಟಿಕೊಂಡುಬಿಟ್ಟಳು. ಬೆಳಿಗ್ಗೆ ಕಸ ಗುಡಿಸುವಾಗಲೇ ಗೋಡೆಯಾಚೆಯಿಂದ ಕೂಗುವಳು: “ಅಕ್ಕಾ, ಆ ತಾಯಿ ಬ್ಯಾಗ್ಗೆ ಬಟ್ಟೆ ತುಂಬ್ತಿದ್ಲಲ್ಲ, ಮನೆ ಬುಟ್ಟೋದ್ಲಾ?”

“ಓಗ್ಲಿಲ್ಲ ಕಣಮ್ಮಿ, ಇನ್ನೂ ಮಡಚ್ತಾ ಅವ್ಳೆ.”

“ಎಷ್ಟ್ ಸೀರೆ ಅವೆ ಅವ್ಳಿಗೆ?”

ಪುಸ್ತಕ ತಂದ ದಿನವೇ ಅದರ ಕೊನೆಯ ಹಾಳೆ ಕಿತ್ತು ಕೈಗೆ ಬಂದಿತ್ತು. ನಾನು ಅದರ ಮೇಲೆ ಕಣ್ಣಾಡಿಸಲಿಲ್ಲ. ಕೊನೆಯನ್ನು ಮೊದಲೇ ನೋಡುವುದು, ಬೇಯುವ ಮುದ್ದೆಗೆ ಕೈ ಹಾಕಿದ ಹಾಗೆ. ನೀಟಾಗಿ ಮಡಚಿ ಜೋಪಾನವಾಗಿ ಇಟ್ಟೆ. ಅಲ್ಲೇ ಕೆಟ್ಟಿದ್ದು. ನಾನು ಬಿಸಾಡಿದ್ದು ಎಲ್ಲಿದ್ದರೂ ಸಿಗುತ್ತದೆ, ಜೋಪಾನ ಮಾಡಿದ್ದು ಸಿಕ್ಕಿದ್ದೇ ಇಲ್ಲ. ನನ್ನ ಹಲ್ಲಿನ ಸೆಟ್ಟನ್ನು ಹಾಗೆ ಜೋಪಾನ ಮಾಡಿ ಎರಡು ವರ್ಷದಿಂದ ಮುದ್ದೆ ನುಂಗುತ್ತಿದ್ದೇನೆ.

ಅಂತೂ ಒಂದು ದಿನ ಕೊನೆಗೆ ಬಂದೆವು. ಆಕೆ ಬ್ಯಾಗು ಹಿಡಿದು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಳು. ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. ಪುಟ ಮುಗಿಯಿತು.

“ಆಮೇಲೆ?” ಎಂದಳು ಪುಟ್ಟಮಾದಿ, ಸೂಜಿ ಎತ್ತಿ ಹಿಡಿದುಕೊಂಡು.

ಕಿತ್ತುಬಂದ ಹಾಳೆ ಬೇಕಿತ್ತು. ಗೂಡು, ಪೆಟ್ಟಿಗೆ, ದೇವರ ಪಟದ ಹಿಂದೆ, ಅಕ್ಕಿ ಡಬ್ಬ, ಎಲ್ಲೂ ಇಲ್ಲ. ಕಳೆದದ್ದು ನಾನು ಎಂದು ಒಪ್ಪುವ ಅಭ್ಯಾಸ ನನಗಿಲ್ಲ. ಕಣ್ಣು ಪುಟ್ಟಮಾದಿಯ ಸೊಂಟದ ಮೇಲೆ ಬಿತ್ತು. ಅಲ್ಲಿ ಹೊಗೆಸೊಪ್ಪಿನ ಪೊಟ್ಟಣ.

“ಹೊಗೆಸೊಪ್ ಸುತ್ಕಂಡಿದ್ದೀಯಲ್ಲ, ಅದ್ಯಾವ ಕಾಗ್ದವೇ?” ಅಂದೆ.

ಅವಳು ಪೊಟ್ಟಣ ಬಿಚ್ಚಿ ನನ್ನ ಮುಖದೆದುರು ಹಿಡಿದಳು. ಹಳೆಯ ಕ್ಯಾಲೆಂಡರು. “ಓದಕ್ ಬರದವ್ಳು ಕಳ್ಳಿ, ಓದೋಳು ಸತ್ಯವಂತೆ. ಅಂಗೇ ಇರ್ಲಿ ಬುಡಕ್ಕ” ಎಂದವಳು ತನ್ನ ತುದಿಯ ಕೊನೆಯ ಗಂಟು ಹಾಕಿ, ದಾರ ಹಲ್ಲಲ್ಲಿ ಕಡಿದು, ಸೂಜಿ ನೆಟ್ಟು ಎದ್ದು ಹೋದಳು. ಮತ್ತೆ ಬರಲಿಲ್ಲ. ನನ್ನ ತುದಿಯನ್ನು ನಾನೊಬ್ಬಳೇ ಹೊಲಿದೆ. ಕೈ ಅಂಚಿನ ಮೇಲಿತ್ತು, ತಲೆ ಆ ಹೊಸ್ತಿಲ ಮೇಲಿತ್ತು. ಗೋಡೆಯಾಚೆ ಅವಳು ಕಸ ಗುಡಿಸುವ ಸದ್ದು ಕೇಳುತ್ತಿತ್ತು, ಕೂಗು ಕೇಳುತ್ತಿರಲಿಲ್ಲ. ನಾನಾದರೂ ಕೂಗಬಹುದಿತ್ತು. ಕೂಗಲಿಲ್ಲ.

ಹೆಸರಿಡುವ ಶಾಸ್ತ್ರ ಯಳಂದೂರಿನಲ್ಲಿ, ಸವಿತಾಳ ಅತ್ತೆ ಮನೆಯಲ್ಲಿ. ಸವಿತಾ ಫೋನು ಮಾಡಿ ಕರೆದಿದ್ದರಿಂದ ಪುಟ್ಟಮಾದಿಯೂ ಹೊರಟಳು. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿದಾಗಲೂ ನನ್ನ ಪಕ್ಕದ ಸೀಟು ಖಾಲಿ ಬಿಟ್ಟು, ಯಾರದೋ ಕೋಳಿ ಬುಟ್ಟಿಯ ಪಕ್ಕ ಕೂತಳು.

ತೊಟ್ಟಿಲಿಗೆ ಕೌದಿ ಹಾಸಿ ಮಗುವನ್ನು ಮಲಗಿಸಿದರು. ಮಗು ಕಾಲು ಝಾಡಿಸಿತು. ಕೌದಿಯೊಳಗೆ ಏನೋ ಚರ್ ಅಂದಿತು. ಇನ್ನೊಮ್ಮೆ ಝಾಡಿಸಿತು, ಇನ್ನೊಮ್ಮೆ ಚರ್. ಬೀಗಿತ್ತಿ ಕೌದಿಯನ್ನು ಹಿಸುಕಿ ನೋಡಿ, ಹಾಡುತ್ತಿದ್ದವರನ್ನು ನಿಲ್ಲಿಸಿದಳು.

“ಒಳಗೇನೋ ಇಟ್ಟು ಹೊಲ್ದವ್ರಲ್ಲ! ಎಂತ್ರ ಮಂತ್ರ ಬರ್ಸಿ ಇಕ್ಕಿದ್ದೀರಾ ಬೀಗ್ತೀ? ನನ್ ಮಗನ್ನ ಕಟ್ಟಾಕಕ್ಕಾ?”

ಮನೆ ತುಂಬ ಜನ. ಸವಿತಾಳ ಮುಖ ಬಿಳಿಚಿಕೊಂಡಿತು. ನನಗೇನು, ಸಂಜೆ ಬಸ್ಸಿಗೆ ಹೊರಡುವವಳು. ಅವಳು ಆ ಮನೆಯಲ್ಲೇ ಬಾಳಬೇಕಾದವಳು, ಈ ಮಾತು ಅವಳ ಬೆನ್ನಿಗೆ ಅಂಟಿಕೊಂಡರೆ ತೊಳೆಯುವವರು ಯಾರು?

ಹಿಂದಿನಿಂದ ಪುಟ್ಟಮಾದಿ ಎದ್ದು ಬಂದಳು. “ನಮ್ಮಕ್ಕನ್ ಬಾಯಿ ಕೆಟ್ಟದ್ದು ಕಣ್ರವ್ವಾ, ಕೈ ಕೆಟ್ಟದ್ದಲ್ಲ. ಬಿಚ್ಚಿ ನೋಡಿದ್ರಾಯ್ತು, ತಕ್ಕಳಿ.”

ಮಗುವನ್ನು ಸವಿತಾಳ ಕೈಗೆ ಕೊಟ್ಟು, ಕೌದಿ ತೊಡೆಯ ಮೇಲೆ ಹಾಕಿಕೊಂಡು ತನ್ನ ತುದಿಯನ್ನು ಎಳೆದಳು. ಜಪ್ಪಯ್ಯ ಅನ್ನಲಿಲ್ಲ. ನನ್ನ ತುದಿ ಹಿಡಿದು ಎಳೆದಳು. ಸರ್ರನೆ ಮೊಳದುದ್ದ ಬಿಚ್ಚಿಕೊಂಡಿತು. ನಮ್ಮತ್ತೆಯ ಸೀರೆಯ ಮಡಿಕೆಯೊಳಗಿನಿಂದ ನಾಲ್ಕು ಮಡಿಕೆಯ ಹಾಳೆ ಈಚೆ ಬಂತು. ಜೋಪಾನವಾಗಿತ್ತು.

“ಓದಿ ಮತ್ತೆ,” ಎಂದಳು ಬೀಗಿತ್ತಿ, “ಎಲ್ರೂ ಕೇಳ್ಲಿ.”

ಪುಟ್ಟಮಾದಿ ಬೀಗಿತ್ತಿಗಿಂತ ಮುಂದೆ ಬಾಗಿ ಕೂತಳು. ಅವಳಿಗೆ ಮಂತ್ರದ ಚಿಂತೆಯಿರಲಿಲ್ಲ. ನಾನು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದೆ: “ನಮ್ಮ... ಇತರ... ಪ್ರಕಟಣೆಗಳು.” ಕೆಳಗೆ ಉಪ್ಪಿನಕಾಯಿ ಹಾಕುವ ಪುಸ್ತಕ, ಕೈರೇಖೆ ಪುಸ್ತಕ, ಹಸು ಸಾಕುವ ಪುಸ್ತಕ. ಹಿಂದುಗಡೆ ಖಾಲಿ.

ಸವಿತಾ ಹಾಳೆ ತೆಗೆದುಕೊಂಡು ನೋಡಿ, ನಾನು ನಡೆದದ್ದೆಲ್ಲ ಹೇಳಿದ ಮೇಲೆ ನಕ್ಕಳು. “ಅಜ್ಜೀ, ಕತೆ ಅವ್ಳು ಒಸ್ತಿಲಲ್ಲಿ ನಿಂತಲ್ಲೇ ಮುಗ್ದದೆ. ಮುಂದ್ಕಿಲ್ಲ.” ಬೀಗಿತ್ತಿಯೂ ನಕ್ಕಳು. ಮನೆಯೆಲ್ಲ ನಕ್ಕಿತು. ಮಾಟದ ಮಾತು ಆ ನಗುವಿನಲ್ಲಿ ಕೊಚ್ಚಿಹೋಯಿತು.

ನನಗೆ ಮಾತ್ರ ಉರಿಯಿತು. “ಎರಡು ತಿಂಗ್ಳು ಓದ್ಸಿ, ಬರ್ದೋನು ಕೊನೇಲಿ ಗಂಟಾಕ್ದೆ ದಾರ ಕತ್ತರ್ಸವ್ನೆ! ಇಂಥವ್ನ ಕೈಗೆ ಯಾರಾದ್ರೂ ಸೂಜಿ ಕೊಟ್ಟಾರಾ?” ಅಂದೆ.

ಪುಟ್ಟಮಾದಿ ಬಿಚ್ಚಿದ ಅಂಚನ್ನು ನನ್ನ ಕಣ್ಣಿನ ಹತ್ತಿರ ತಂದಳು. ದಾರದ ತುದಿಯಲ್ಲಿ ಗಂಟೇ ಇರಲಿಲ್ಲ.

“ಇದ ಬರ್ದೋರು ಯಾರಕ್ಕಾ?” ಅಂದಳು.

ಅಂಚನ್ನು ಅವಳೇ ಮತ್ತೆ ಹೊಲಿದಳು. ನನ್ನ ಕೈಗೆ ಸೂಜಿ ಕೊಡಲಿಲ್ಲ, ದಾರ ಹಿಡಿದುಕೊಳ್ಳಲು ಹೇಳಿದಳು. ಹಿಡಿದುಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತು, ಕಾಮಗೆರೆ ಕಡೆಯ ಹೆಂಗಸೊಬ್ಬಳಿಗೆ ನನ್ನ ಕತೆಯನ್ನು ನಗುನಗುತ್ತಾ ಪೂರ್ತಿ ಹೇಳಿದಳು, ಗಂಟಿನ ಸಮೇತ.

ಇದನ್ನೆಲ್ಲ ಬರೆಯಲು ನನಗೆ ಹನ್ನೆರಡು ದಿನ ಹಿಡಿಯಿತು. ನಿನ್ನೆ ಅವಳನ್ನು ಕೂರಿಸಿಕೊಂಡು ಪೂರ್ತಿ ಓದಿ ಹೇಳಿದೆ. ಹೊಗೆಸೊಪ್ಪು ಅಗಿಯುತ್ತಾ ಕೇಳಿದಳು. ಮುಗಿದ ಮೇಲೆ, “ಎಲ್ಲಾ ಬರ್ದಿದ್ದೀಯ. ನೀನು ನನ್ಗೆ ‘ತಪ್ಪಾಯ್ತು’ ಅಂದದ್ದು ಎಲ್ಲಿ ಬರ್ದಿದ್ದೀಯ?” ಎಂದು ಕೇಳಿದಳು.

“ಅದು ಕೊನೇ ಹಾಳೇಲಿತ್ತು ಕಣಮ್ಮಿ,” ಅಂದೆ. “ಎಲ್ಲೋ ಜೋಪಾನವಾಗಿ ಇಟ್ಟಿದ್ದೀನಿ.”