ತಿಂಗಳಿಗೆ ಮೊದಲೇ ತುಂಬಿದ ಡೈರಿ

ಬರಲಿರುವ ತಿಂಗಳನ್ನು ಮೊದಲೇ ಬರೆದಿಡುವವನಿಗೆ ಪೇಚಿನ ಪ್ರಸಂಗಗಳು ತಪ್ಪುವುದಿಲ್ಲ. ನನಗಂತೂ ತಿಂಗಳಿಗೊಂದು ಬಂದೇ ಬರುತ್ತಿತ್ತು.

ಎಪ್ಪತ್ತರ ದಶಕದಲ್ಲಿ ನಾನು ಬಿ.ಎಸ್ಸಿ. ಮುಗಿಸಿ, ಒಂದು ಔಷಧ ಕಂಪೆನಿಯ ಪ್ರತಿನಿಧಿಯಾಗಿ ಉಡುಪಿಯ ಕಡಿಯಾಳಿಯಲ್ಲಿ ಕೋಣೆ ಮಾಡಿಕೊಂಡಿದ್ದೆ. ಮಣಿಪಾಲ, ಕಾಪು, ಶಿರ್ವ, ಕಾರ್ಕಳ ಎಂದು ಡಾಕ್ಟರರು ಇರುವಲ್ಲಿಗೆಲ್ಲ ಬಸ್ಸಿನಲ್ಲಿ ಅಲೆಯುವ ಕೆಲಸ. ಅದು ಇನ್ನೂ ಖಾಯಂ ಆಗಿರಲಿಲ್ಲ. ಎಲ್ಲೂರಿನಲ್ಲಿ ಒಬ್ಬಳು ಹುಡುಗಿ ನನ್ನನ್ನು ಒಪ್ಪಿದ್ದಳು. ಅವಳ ತಂದೆ ಮಾತ್ರ "ಖಾಯಂ ಆದ ಕಾಗದ ತನ್ನಿ, ಆಮೇಲೆ ಮುಹೂರ್ತ ನೋಡುವ" ಎಂದಿದ್ದರು. ಆ ಕಾಗದಕ್ಕೆ ಸಹಿ ಹಾಕಬೇಕಾದವರು ಮಂಗಳೂರಿನ ಮ್ಯಾನೇಜರು. ಅವರು ನನ್ನನ್ನು ಕಂಡದ್ದು ಇಂಟರ್‌ವ್ಯೂ ದಿನ ಒಮ್ಮೆ. ಉಳಿದ ಪರಿಚಯವೆಲ್ಲ ಡೈರಿಯ ಮೂಲಕ.

೧. ಇಪ್ಪತ್ತೆಂಟು ದಿನದ ಮಾರ್ಚ್

ಪ್ರತಿ ತಿಂಗಳ ಕೊನೆಯ ಭಾನುವಾರ ನೆಲದ ಮೇಲೆ ಕುಳಿತು, ಡೈರಿ ಎಂಬ ಉದ್ದ ಪುಸ್ತಕದಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಮುಂದಿನ ತಿಂಗಳ ತಾರೀಕು, ವಾರ, ಊರು ತುಂಬಿಸಿ, ಭಾನುವಾರಗಳಿಗೆ ಕೆಂಪು ಶಾಯಿ ಹಾಕಿ, ಕಾರ್ಬನ್ ಪ್ರತಿಯನ್ನು ಮಂಗಳೂರಿಗೆ ಕಳುಹಿಸಬೇಕು. ಆ ವರ್ಷ ಫೆಬ್ರವರಿಗೆ ಇಪ್ಪತ್ತೆಂಟೇ ದಿನ. ಹಾಗಾದರೆ ಮಾರ್ಚಿನಲ್ಲಿಯೂ ಅದೇ ತಾರೀಕಿಗೆ ಅದೇ ವಾರ ಬರುತ್ತದೆ ಎಂದು ಕಂಡುಹಿಡಿದೆ. ಹಳೆಯ ಪುಟವನ್ನೇ ಚಾಚೂ ತಪ್ಪದೆ ನಕಲು ಮಾಡಿ, ಮೇಲೆ ತಿಂಗಳ ಹೆಸರು ಮಾತ್ರ ಬದಲಾಯಿಸಿ ಅಂಚೆಗೆ ಹಾಕಿದೆ.

ವಾರದೊಳಗೆ ಮ್ಯಾನೇಜರರ ಕಾಗದ ಬಂತು: "ನಿಮ್ಮ ಮಾರ್ಚ್ ಇಪ್ಪತ್ತೆಂಟಕ್ಕೆ ಮುಗಿದಿದೆ. ಉಳಿದ ಮೂರು ದಿನ ನೀವು ಯಾವ ಲೋಕದಲ್ಲಿ ಇರುತ್ತೀರಿ ಎಂದು ತಿಳಿಸಿದರೆ, ಅಲ್ಲಿಯ ಡಾಕ್ಟರರ ಪಟ್ಟಿಯನ್ನು ಕಳುಹಿಸಿಕೊಡುತ್ತೇವೆ."

೨. ಬುಧವಾರದ ಹೊಗಳಿಕೆ

ಇನ್ನು ಯಾವುದನ್ನೂ ಖಾಲಿ ಬಿಡಬಾರದು ಎಂದು, ಏಪ್ರಿಲ್‌ನ ಕಾರ್ಬನ್ ಪ್ರತಿ ಕಳುಹಿಸಿದ ಮೇಲೆ, ಡಾಕ್ಟರರನ್ನು ಕಂಡು ಬಂದು ಬರೆಯಬೇಕಾದ 'ಡಾಕ್ಟರರ ಅಭಿಪ್ರಾಯ' ಎಂಬ ಕಾಲಮ್ಮನ್ನೂ ಮೊದಲೇ ತುಂಬಿಸಿದೆ. ಹೇಗೂ ಅವರು ಹೇಳುವುದು ಪ್ರತಿ ಸಲ ಅದನ್ನೇ ತಾನೆ? ಒಂದು ಸೋಮವಾರ ಸ್ಯಾಂಪಲ್ ಕೊಡಲು ಶಿರ್ವದ ಹಿರಿಯ ಡಾಕ್ಟರರ ಕ್ಲಿನಿಕ್ಕಿಗೆ ಹೋದವನು ಡೈರಿಯನ್ನು ಅಲ್ಲಿಯ ಬೆಂಚಿನ ಮೇಲೆ ಮರೆತೆ. ಬಸ್‌ಸ್ಟ್ಯಾಂಡಿನಿಂದ ಓಡಿ ಬಂದು ನೋಡಿದರೆ, ಡಾಕ್ಟರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅದನ್ನೇ ಓದುತ್ತಿದ್ದಾರೆ.

"ಬುಧವಾರ ನಾನು ನಿಮ್ಮ ಟಾನಿಕ್ಕನ್ನು ತುಂಬ ಹೊಗಳಿದ್ದೇನೆ, ಅಲ್ವಾ?"

ನಾನು ಡೈರಿಗೆ ಕೈ ಚಾಚಿದರೂ ಅವರು ಮುಂದಿನ ಸಾಲಿಗೆ ಹೋದರು.

"'ಇಪ್ಪತ್ತು ನಿಮಿಷ ಸಂತೋಷದಿಂದ ಮಾತಾಡಿದರು.' ಹೆಂಡತಿಯ ಜೊತೆಯೂ ನಾನು ಅಷ್ಟು ಹೊತ್ತು ಮಾತಾಡುವುದಿಲ್ಲ ಮಾರಾಯ್ರೆ."

"ಮ್ಯಾನೇಜರರಿಗೆ ಹೇಳಬೇಡಿ ಸಾರ್. ನನ್ನ ಮದುವೆ ನಿಂತುಹೋಗುತ್ತದೆ."

ಡಾಕ್ಟರು ಡೈರಿ ಮುಚ್ಚಿ ನನ್ನ ಕೈಗಿಟ್ಟರು. "ಹೇಳುವುದಿಲ್ಲ. ಆದರೆ ಬುಧವಾರವೇ ಬನ್ನಿ. ನಿಮ್ಮ ಟಾನಿಕ್ಕಿನಲ್ಲಿ ಹೊಗಳುವಂಥದ್ದು ಎಂತ ಉಂಟು ಎಂದು ಹುಡುಕಲು ನನಗೆ ಎರಡು ದಿನ ಬೇಕು."

೩. ಇಬ್ಬರೂ ಕಾರ್ಕಳದಲ್ಲಿ

ಜೂನ್ ತಿಂಗಳ ಒಂದು ದಿನ, ಡೈರಿಯ ಪ್ರಕಾರ ನಾನು ಕಾರ್ಕಳದಲ್ಲಿದ್ದೆ. ಮಳೆಯ ಪ್ರಕಾರ ಕಡಿಯಾಳಿಯ ಹೋಟೆಲೊಂದರಲ್ಲಿ ಗೋಳಿಬಜೆ ತಿನ್ನುತ್ತಿದ್ದೆ. ಆಗ ಕೊಡೆ ಮಡಚುತ್ತಾ ಒಳಗೆ ಬಂದವರು ನಮ್ಮ ಮ್ಯಾನೇಜರು. ಹಿಂದೆ ಅವರ ಹೆಂಡತಿ, ಕೈಯಲ್ಲಿ ಮಠದ ಪ್ರಸಾದ. ನೇರ ನನ್ನ ಮೇಜಿಗೇ ಬಂದು ಕುಳಿತರು.

"ಡೈರಿ ಕೊಡಿ."

ಕೊಟ್ಟೆ. ಅವರು ಬೆರಳಿಟ್ಟು ಓದಿದರು. "ಇವತ್ತು ನೀವು ಕಾರ್ಕಳದಲ್ಲಿ ನಾಲ್ಕು ಡಾಕ್ಟರರನ್ನು ಕಂಡಿದ್ದೀರಿ."

ಖಾಯಂ ಕಾಗದ, ಎಲ್ಲೂರು, ಮುಹೂರ್ತ, ಎಲ್ಲವೂ ನನ್ನ ಕಣ್ಣೆದುರೇ ಚಟ್ನಿಯಲ್ಲಿ ಮುಳುಗಿದವು.

"ಕಾರ್ಕಳವಾ?" ಎಂದು ಅವರ ಹೆಂಡತಿ ಗಂಡನತ್ತ ತಿರುಗಿದರು. "ನೀವೂ ಇವತ್ತು ಅಲ್ಲಿಗೇ ಅಲ್ವಾ ಹೋಗಬೇಕಾಗಿದ್ದದ್ದು? " ಮತ್ತೆ ನನಗೆ ಹೇಳಿದರು: "ಪಾಪ, ನಾನು ಮಠಕ್ಕೆ ಹೋಗುವ ಅಂದದ್ದಕ್ಕೆ ನನ್ನ ಜೊತೆ ಬಂದರು."

ಮ್ಯಾನೇಜರು ಒಮ್ಮೆ ಕೆಮ್ಮಿದರು. ಚೀಲದಿಂದ ತಮ್ಮ ಡೈರಿ ತೆಗೆದು, ಪುಟ ಮಗುಚಿ ನನ್ನ ಮುಂದಿಟ್ಟರು. 'ಕಾರ್ಕಳ. ಉಡುಪಿಯ ಪ್ರತಿನಿಧಿಯೊಂದಿಗೆ ದಿನವಿಡೀ ಕೆಲಸ. ತೃಪ್ತಿಕರ. ಖಾಯಂ ಮಾಡಬಹುದು.' ಅದರ ಕೆಳಗೆ ತಿಂಗಳ ಕೊನೆಯವರೆಗಿನ ದಿನಗಳೂ ಅಚ್ಚುಕಟ್ಟಾಗಿ ತುಂಬಿದ್ದವು.

ನಾನು ಗೋಳಿಬಜೆಯ ತಟ್ಟೆಯನ್ನು ಅವರತ್ತ ಸರಿಸಿದೆ.

ಮ್ಯಾನೇಜರು ಪೆನ್ನು ಬಿಚ್ಚಿದರು. "ಇವತ್ತು ಕಾರ್ಕಳದಲ್ಲಿ ಮಳೆ ಉಂಟಾ?"

"ನನ್ನ ಡೈರಿಯಲ್ಲಿ ಇಲ್ಲ ಸಾರ್."

"ನನ್ನದರಲ್ಲಿಯೂ ಇಲ್ಲ" ಎಂದವರೇ ಪೆನ್ನು ಮುಚ್ಚಿ, ನೀರಿಳಿಯುತ್ತಿದ್ದ ಕೊಡೆಯನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದರು.