ಉಪವಾಸದ ಓಟು

“ಹಂಗಂದ್ರ ದೇವರೇ ನಿಮ್ಮ ಕಿವ್ಯಾಗ ಬಂದು, ಸಾರಾಯಿ ಗುತ್ತೇದಾರಗ ಓಟು ಹಾಕು ಅಂದನೇನ್ರಿ?”

ಕಮಳಾಬಾಯಿ ಹಿಟ್ಟಿನ ಕೈಯನ್ನು ಪರಾತದಲ್ಲೇ ಬಿಟ್ಟು ಗಂಡನ ಮುಖ ನೋಡಿದಳು. ಅದು ತೊಂಬತ್ನಾಲ್ಕರ ಚುನಾವಣೆಗೆ ಮುಂಚಿನ ಭಾನುವಾರ. ಹುಮನಾಬಾದಿನ ಮಿಶನ್ ಓಣಿಯಲ್ಲಿ ಇನ್ನೊಂದು ತಾಸಿಗೆ ಚರ್ಚಿನ ಆರಾಧನೆ. ಅದು ಮುಗಿದ ಮೇಲೆ ಸಭೆಯವರ ಓಟೆಲ್ಲ ಯಾರಿಗೆ ಹೋಗಬೇಕೆಂದು ಎದ್ದು ನಿಂತು ಹೇಳುವವನು ಸಭೆಯ ಹಿರಿಯ ನರಸಿಂಗ. ಅಂಥ ದೊಡ್ಡ ಮನುಷ್ಯ ಈಗ ಹೆಂಡತಿಯ ಮುಂದೆ ಬನಿಯನ್ನಿನಲ್ಲಿ ನಿಂತು ಬೆವರುತ್ತಿದ್ದ.

ನರಸಿಂಗ: ದೇವರ ಮಾತು ಚ್ಯಾಷ್ಟಿ ಮಾಡಬ್ಯಾಡ. ಉಪವಾಸ ಇದ್ದು ಪ್ರಾರ್ಥನಾ ಮಾಡೀನಿ. ವಚನದ ಚೀಟಿ ತೆಗದೀನಿ.

ಕಮಳಾಬಾಯಿ: ನಿನ್ನೆ ಉಪವಾಸದ ಬಾಯಾಗ ಮಟನ್ ವಾಸನಿ ಹೊಡ್ಯಾಕತ್ತಿತ್ತು.

ನರಸಿಂಗ: ಅದು ಗುತ್ತೇದಾರ ಸಾವ್ಕಾರು ಪ್ರೀತಿಲಿಂದ ಬಡಿಸಿದ್ದು. ಪ್ರೀತಿಲಿಂದ ಬಡಿಸಿದ್ದಕ್ಕ ಒಲ್ಲೆ ಅನಬಾರದು.

ಕಮಳಾಬಾಯಿ: ಚೀಟಿ ಎಷ್ಟು ಸಲ ತೆಗದ್ರಿ?

ನರಸಿಂಗ: ಒಮ್ಮೆ.

ಕಮಳಾಬಾಯಿ: ಸುಳ್ಳು! ನಾ ಒಲಿ ಮುಂದ ಕುಂತು ನೋಡಾಕತ್ತಿದ್ದೆ. ಮೊದಲು ‘ಕುಡುಕರ ಜೋಡಿ ಕೂಡಬ್ಯಾಡ’ ಅನ್ನೂದು ಬಂತು. ಡಬ್ಬ್ಯಾಗ ತುರುಕಿದ್ರಿ. ಆಮ್ಯಾಲ ‘ಲಂಚ ಮುಟ್ಟಬ್ಯಾಡ’ ಬಂತು. ಅದನ್ನೂ ತುರುಕಿದ್ರಿ. ಕಡೀಕ ‘ನಿನ್ನ ಬಟ್ಟಲಾ ತುಂಬಿ ಹರೀತದ’ ಅಂತ ಬಂದ ಕೂಡ್ಲೇ ಹಲ್ಲೆಲೂಯಾ ಅಂತ ಎದ್ದು ನಿಂತ್ರಿ!

ಹೊಸ ವರ್ಷಕ್ಕೆ ಮನೆಮಂದಿ ತಲಾ ಒಂದು ಬೈಬಲ್ ವಚನ ಎತ್ತಿಕೊಳ್ಳಲಿ ಎಂದು ಇಟ್ಟ ಡಬ್ಬಿ ಅದು. ಪಾಪ, ಅದನ್ನೂ ಈ ಮಹಾಶಯ ಚುನಾವಣೆಗೆ ಎಳೆದು ತಂದಿದ್ದ.

ನರಸಿಂಗ: ಯೇಸುಸ್ವಾಮಿ ಸೈತ ಕಾನಾ ಊರಿನ ಮದಿವ್ಯಾಗ ನೀರನ್ನ ದ್ರಾಕ್ಷಾರಸ ಮಾಡ್ಯಾನ.

ಕಮಳಾಬಾಯಿ: ಮಾಡಿ, ಪಾಕೀಟಿನಾಗ ತುಂಬಿ ಓಣಿ ಬಾಯಾಗ ಮಾರಿದ್ನೇನ್ರಿ? ಕೂಲಿ ತಗೊಂಡು ಬರೂ ಗಂಡಸರನ್ನ ಮನಿ ಮುಟ್ಟೂಕಿಂತ ಮೊದಲ ಗಟಾರದಾಗ ಕೆಡವಿದ್ನೇನು?

ನರಸಿಂಗ: ಹಂಗಾದ್ರ ಆ ಇನ್ನೊಬ್ಬಾವ ಬರ್ಲಿ ಅಂತೀಯೇನು? ಸಾರಾಯಿ ಅಂಗಡಿ ಮುಚ್ಚಸ್ತೀನಿ ಅಂತಾನ, ಖರೆ. ಅದರ ಬೆನ್ನಿಗೇ ಮತಾಂತರದ ಮ್ಯಾಲ ಕಾಯದೆ ತರತೀನಿ, ಮಿಶನ್ ಮಂದಿ ಬಾಯಿ ಮುಚ್ಚಸ್ತೀನಿ ಅಂತನೂ ಅಂತಾನ. ನಮ್ಮ ಸಾವ್ಕಾರು ಕುಡಸ್ತಾರ, ಒಪ್ಪಿದೆ. ಪ್ರಾರ್ಥನಾ ಮಾಡಾಕ ಬಿಡ್ತಾರಲ್ಲ!

ಕಮಳಾಬಾಯಿ: ಬಿಡದೇ ಏನು! ಅವರ ಅಂಗಡಿಲಿಂದನೇ ನಮ್ಮ ಪ್ರಾರ್ಥನಾ ಬೆಳದದ. ಗುರುವಾರ ಹೆಣ್ಮಕ್ಕಳ ಕೂಟದಾಗ ಬ್ಯಾರೆ ಮಾತೇ ಇಲ್ಲ. ಎಲ್ಲರೂ ಗಂಡನ ಕುಡಿತ ಬಿಡಸಪ್ಪಾ ದೇವರೇ ಅಂತ ಅಳ್ತಾರ. ನನಗ ಆ ಇಬ್ಬರೂ ಬ್ಯಾಡ್ರಿ. ಆಮ್ರಪಾಲಿ ನಿಂತಾಳಲ್ಲ, ಛತ್ರಿ ಗುರ್ತು. ಸಾರಾಯಿ ಅಂಗಡಿ ಮುಂದ ಒಬ್ಬಾಕೇ ಧರಣಿ ಕುಂತಾಕಿ.

ನರಸಿಂಗ: ಛೀ! ಆಕಿ ಬೌದ್ಧರಾಕಿ! ದೇವರೇ ಇಲ್ಲ ಅನ್ನೂ ಮಂದಿಗೆ ಓಟು ಹಾಕಿ ನಾಳಿ ಪರಲೋಕದಾಗ ಏನು ಜವಾಬು ಕೊಡ್ಲಿ?

ಕಮಳಾಬಾಯಿ: ಯೇಸುಸ್ವಾಮಿ ಹೇಳಿದ ಕತ್ಯಾಗ ಕಳ್ಳರ ಕೈಲಿ ಬಡಿಸಿಕೊಂಡು ದಾರ್ಯಾಗ ಬಿದ್ದಾವನ್ನ ಎತ್ತಿದಾವ ಯಾರ್ರಿ? ಪರಮತದ ಸಮಾರ್ಯದಾವ. ಕಂಡೂ ಕಾಣದಂಗ ಬಾಜೂಲಿಂದ ಹೋದಾವ? ನಿಮ್ಮಂಥಾ ಗುಡಿ ಹಿರ್ಯಾ!

ನರಸಿಂಗ: ಅದು ಭಾನುವಾರದ ಪಾಠ. ಚುನಾವಣಿ ಇರೂದು ಬ್ಯಾರೆ ದಿನ.

ಒಳಕೋಣೆಯಲ್ಲಿ ಮಗಳು ದೀಪಾಲಿ ನರಳಿದಳು. ಚಿಟಗುಪ್ಪದ ಗಂಡನ ಮನೆಯಿಂದ ಬಾತ ಮೊಣಕೈ ಹಿಡಿದುಕೊಂಡು ಬಂದವಳು ವಾಪಸ್ಸು ಹೋಗಿರಲಿಲ್ಲ. ಅಳಿಯ ಅಜೀತನಿಗೆ ಕುಡಿದ ಮೇಲೆ ದನ ಯಾವುದು, ಹೆಂಡತಿ ಯಾವುದು ಎಂಬ ಫರಕು ಉಳಿಯುತ್ತಿರಲಿಲ್ಲ. ಆ ನರಳಿಕೆ ಕೇಳಿ ನರಸಿಂಗ ದನಿ ತಗ್ಗಿಸಿದ.

ನರಸಿಂಗ: ಏ, ನಾ ಒಂದು ತಾಟು ಮಟನ್‌ಗೆ ಮಾರಿಕೊಂಡೀನಿ ಅಂತ ತಿಳದೀಯೇನು? ಸಾವ್ಕಾರಿಗೆ ಕೈಮುಗದು ಹೇಳೀನಿ, ನಮ್ಮ ಅಜೀತಗ ಒಂದು ನೌಕರಿ ಹಚ್ಚಿ ಕೊಡ್ರಿ ಅಂತ. ಖಾಲಿ ಕುಂತು ಕುಡೀತಾನ, ಕೈಗೆ ಕೆಲಸ ಬಂದ್ರ ಬಿಡ್ತಾನ. ಅವರು ಮಾತು ಕೊಟ್ಟಾರ. ಫ್ಯಾಕ್ಟರಿ ನೌಕರಿನೇ ಇರಬೇಕು. ಮಗಳ ಸಂಸಾರ ನೆಟ್ಟಗಾಗಲಿ ಅಂತ ಇಷ್ಟೆಲ್ಲಾ ಮಾಡಾಕತ್ತೇನಿ, ನೀ ನನಗೇ ಅಂತೀ.

ಮಗಳ ಹೆಸರು ಬಂದ ಕಡೆ ಕಮಳಾಬಾಯಿಯ ಸಿಟ್ಟು ಇಳಿದುಬಿಡುತ್ತಿತ್ತು.

ಕಮಳಾಬಾಯಿ: ಮೊದಲೇ ಹೇಳಬಾರದಿತ್ತೇನ್ರಿ? ನಡುವ ದೇವರನ್ನ ಯಾಕ ತಂದ್ರಿ?

ನರಸಿಂಗ: ದೇವರ ಹೆಸರು ತಗೊಳ್ಳಿಲ್ಲಂದ್ರ ಸಭಿ ಮಂದಿ ನನ್ನ ಮಾತು ಕೇಳಬೇಕಲ್ಲ!

ಆಗಲೇ ಬಾಗಿಲ ಮುಂದೆ ಜೀಪು ನಿಂತಿತು. ಸಾವ್ಕಾರನ ಬಲಗೈ ಮಹಾರುದ್ರಪ್ಪ ಚಪ್ಪಲಿ ಬಿಡದೆ ಒಳಗೆ ಬಂದು ಮಂಚದ ಮೇಲೆ ಕೂತ.

ಮಹಾರುದ್ರಪ್ಪ: ನರಸಿಂಗಾ, ಬೈಬಲ್ ತಗೊಂಬಾರೊ. ಬ್ಯಾರೆ ಓಣ್ಯಾಗ ದೇವರ ಅರಿಶಿಣ ಭಂಡಾರ ಮುಟ್ಟಿಸಿ ಆಣಿ ತಗೊಂಡು ಬಂದೀನಿ. ನಿಮಗ ಭಂಡಾರ ನಡಿಯಾಂಗಿಲ್ಲಲ್ಲ, ಬೈಬಲ್ ಮುಟ್ಟು. ಮಿಶನ್ ಓಣಿ ಓಟು ಒಂದೂ ಆಕಡಿ ಈಕಡಿ ಆಗಾಂಗಿಲ್ಲ ಅಂತ ಆಣಿ ಮಾಡು.

ನರಸಿಂಗ: ಮಾಡ್ತೀನ್ರಿ ಅಪ್ಪಾರ. ಅಂದಂಗ, ನಮ್ಮ ಅಳಿಯನ ನೌಕರಿ…

ಮಹಾರುದ್ರಪ್ಪ: ಹೋದ ವಾರನೇ ಹಚ್ಚಿಬಿಟ್ಟೀವಿ! ಏನು ಹುಡುಗನೋ ಅವ! ಬಾಗಿಲಾ ತೆಗಿಯೂಕಿಂತ ಮೊದಲ ಬಂದು ನಿಂತಿರ್ತಾನ. ಮುಚ್ಚೂವಾಗ ನಾವೇ ಹೊರಗ ಹಾಕಬೇಕು. ಅಂಥಾ ನಿಯತ್ತು ನಾ ಎಲ್ಲೀ ಕಂಡಿಲ್ಲ.

ನರಸಿಂಗನ ಕಣ್ಣು ತುಂಬಿ ಬಂತು. ನೋಡಿದೆಯಾ ಎಂಬಂತೆ ಹೆಂಡತಿಯ ಕಡೆ ತಿರುಗಿ, ಬೈಬಲ್ ತಂದು ಅದರ ಮೇಲೆ ಕೈ ಇಟ್ಟ.

ನರಸಿಂಗ: ಯಾವ ಫ್ಯಾಕ್ಟರಿರಿ?

ಮಹಾರುದ್ರಪ್ಪ: ಫ್ಯಾಕ್ಟರಿ ಯಾಕೊ? ಚಿಟಗುಪ್ಪದ ನಮ್ಮ ಸಾರಾಯಿ ಅಂಗಡ್ಯಾಗೇ ಗಲ್ಲಾ ಮ್ಯಾಲ ಕುಂದ್ರಿಸೀವಿ.

ಕಮಳಾಬಾಯಿ: ಅಯ್ಯಯ್ಯ! ಕುರಿ ಕಾಯಾಕ ತೋಳ ಇಟ್ರಲ್ರಿ!

ಮಹಾರುದ್ರಪ್ಪ: ಏ ತಂಗಿ, ಹಂಗ್ಯಾಕ ಅಂತೀ? ಪಗಾರ ಸೈತ ಕೇಳಿಲ್ಲ ಪಾಪ. ‘ಪಗಾರ ಬ್ಯಾಡ್ರಿ, ಪಾಕೀಟು ಕೊಡ್ರಿ, ಸಾಕು’ ಅಂದಾನ.

ದೀಪಾಲಿ ಯಾವಾಗಲೋ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಬಾತ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

ದೀಪಾಲಿ: ಅಪ್ಪಾ, ನನಗೂ ಅಲ್ಲೇ ಒಂದು ನೌಕರಿ ಹಚ್ಚಿಸು. ಖಾಲಿ ಪಾಕೀಟು ಆರಿಸ್ತೀನಿ. ಬಡಿಯಾಕ ಅವ ಮನೀತನಕ ಬರೂ ತ್ರಾಸರೆ ತಪ್ಪತದ.

ನರಸಿಂಗನ ಕೈ ಬೈಬಲ್ ಬಿಟ್ಟು ಮೆಲ್ಲಗೆ ಹಿಂದೆ ಸರಿಯಿತು.

ಮಹಾರುದ್ರಪ್ಪ: ಏನೋ, ಆಣಿ ಮಾಡು. ಹೊತ್ತಾಗತದ.

ನರಸಿಂಗ: ಆಣಿ ಮಾಡಬಾರದು ಅಂತ ನಮ್ಮ ಶಾಸ್ತ್ರದಾಗ ಬರದದರಿ.

ಮಹಾರುದ್ರಪ್ಪ: ನಿನ್ನೆ ತಾಟು ನೆಕ್ಕೂವಾಗ ಆ ಶಾಸ್ತ್ರ ಇದ್ದಿಲ್ಲೇನು?

ನರಸಿಂಗ: ಇತ್ರಿ. ನಾ ಅಷ್ಟು ದೂರ ಓದಿದ್ದಿಲ್ಲ.

ಮಹಾರುದ್ರಪ್ಪ ಉಗುಳಿ ಎದ್ದು ಹೋದ. ಜೀಪಿನ ಧೂಳು ಮನೆಯೊಳಗೂ ಬಂತು. ಆರಾಧನೆಯ ಗಂಟೆ ಹೊಡೆಯಿತು. ನರಸಿಂಗ ಅವಸರದಲ್ಲಿ ಅಂಗಿ ತೊಟ್ಟುಕೊಂಡ.

ನರಸಿಂಗ: ಕಮಳಾ, ಈಗ ಸಭ್ಯಾಗ ಎದ್ದು ಏನಂತ ಹೇಳ್ಲಿ?

ಕಮಳಾಬಾಯಿ: ಛತ್ರಿ ಅಂತ ಹೇಳ್ರಿ.

ನರಸಿಂಗ: ಹಂಗಲ್ಲ… ದೇವರ ಚಿತ್ತ ಏನದ ಅಂತ ಒಂದು ಮಾತು ಅವನ್ನ ಕೇಳಬೇಕಲ್ಲ?

ಕಮಳಾಬಾಯಿ: ನಿಮಗ ಹೇಳಿ ಹೇಳಿ ಅವಗ ಸಾಕಾಗೇದ್ರಿ. ಇನ್ನ ಮುಂದ ನೀನೇ ಹೇಳವ್ವಾ ಅಂತ ನನಗ ಅಂದಾನ.